ಪೈಲಟ್ ಮತ್ತು ಮೆಟ್ಟಿಲ ಕರಾರು

ಪೈಲಟ್ ತೀರಿಕೊಂಡ ಸುದ್ದಿ ನಮ್ಮ ಕಟ್ಟಡದ ಎಲ್ಲ ಮಹಡಿಗಳಿಗೆ ತಲುಪಲು ಮಧ್ಯಾಹ್ನವಾಯಿತು. ಅವನೇ ಇದ್ದಿದ್ದರೆ ಎರಡು ಸುತ್ತಿನ ಕೆಲಸ.

ಅವನು ವಿಮಾನ ನಡೆಸಿದವನಲ್ಲ, ವಿಮಾನ ಹತ್ತಿದವನೂ ಅಲ್ಲ. ಏಳು ಮಹಡಿಯ ಹಳೆಯ ಆಫೀಸು ಕಟ್ಟಡದ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಹಿತ್ತಾಳೆಯ ಹಿಡಿಕೆ ತಿರುಗಿಸುತ್ತಿದ್ದವನು. ಅದು ಗುಂಡಿ ಒತ್ತಿದರೆ ತಾನಾಗಿ ಹೋಗುವ ಲಿಫ್ಟಲ್ಲ. ಹಿಡಿಕೆ ಬಲಕ್ಕೆ ತಿರುಗಿದರೆ ಮೇಲೆ, ಎಡಕ್ಕೆ ತಿರುಗಿದರೆ ಕೆಳಗೆ. ಯಾವಾಗ ಬಿಡಬೇಕೆಂಬುದು ಕೈಗೆ ಗೊತ್ತಿರಬೇಕು. ಕೈ ತಪ್ಪಿದರೆ ಲಿಫ್ಟು ಮಹಡಿಗಿಂತ ಗೇಣು ಮೇಲೋ ಗೇಣು ಕೆಳಗೋ ನಿಲ್ಲುತ್ತಿತ್ತು. ಪೈಲಟ್ ರಜೆ ಹಾಕಿದ ದಿನ ವಾಚ್‌ಮನ್ ಲಿಫ್ಟು ನಡೆಸುತ್ತಿದ್ದ. ಅಂದು ಕಟ್ಟಡದ ಅರ್ಧ ಜನ ಕುಂಟುತ್ತಿದ್ದರು. ಪೈಲಟ್ ಹೆಚ್ಚು ರಜೆ ಹಾಕದಿರಲು ಅದೂ ಒಂದು ಕಾರಣ.

ನಾನು ಐದನೇ ಮಹಡಿಯ ಪುಸ್ತಕ ಪ್ರಕಾಶನದಲ್ಲಿ ಕರಡು ತಿದ್ದುವವನು. ಆದ್ದರಿಂದ ಅವನು ನನಗಿಟ್ಟ ಹೆಸರು ‘ತಿದ್ದುಪಡಿ’. ನಮ್ಮ ಸ್ನೇಹ ಬೆಳೆದದ್ದು ತುಂಡು ತುಂಡಾಗಿ. ಬೆಳಗ್ಗೆ ನೆಲಮಹಡಿಯಲ್ಲಿ ಅವನು ಶುರು ಮಾಡಿದ ಮಾತು ಎರಡನೇ ಮಹಡಿಯಲ್ಲಿ ಯಾರೋ ಹತ್ತಿದರೆಂದು ನಿಲ್ಲುತ್ತಿತ್ತು. ಸಂಜೆ ನಾನು ಇಳಿಯುವಾಗ ಅದೇ ಪದದಿಂದ ಮುಂದುವರಿಯುತ್ತಿತ್ತು. ಅವನ ಮದುವೆಯ ಕಥೆಯನ್ನು ಪೂರ್ತಿ ಕೇಳಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಕಥೆಯನ್ನು ಎಲ್ಲಿ ಮುರಿಯಬೇಕೆಂದು ಅವನಷ್ಟು ಚೆನ್ನಾಗಿ ತಿಳಿದಿದ್ದ ಲೇಖಕರು ನನ್ನ ಮೇಜಿನ ಮೇಲೆ ಹೆಚ್ಚು ಹಾದುಹೋಗಿಲ್ಲ.

ಮೂರನೇ ಮಹಡಿಯಲ್ಲಿ ಇಬ್ಬರು ಅಣ್ಣತಮ್ಮ ಲೆಕ್ಕಪರಿಶೋಧಕರಿದ್ದರು. ಒಂದೇ ಆಫೀಸಿನ ನಡುವೆ ಹಲಗೆ ಹೊಡೆಸಿಕೊಂಡು ಬೇರೆಯಾದವರು. ಇಬ್ಬರೂ ಲಿಫ್ಟಿನಲ್ಲಿ ಒಟ್ಟಿಗೆ ಸಿಕ್ಕಿಬಿದ್ದರೆ ಪೈಲಟ್‌ನ ಬೆನ್ನಿಗೆ ಮಾತಾಡುತ್ತಿದ್ದರು.

“ಪೈಲಟ್, ಕೆಲವರಿಗೆ ನಾಚಿಕೆ ಅನ್ನೋದು ಹುಟ್ಟುವಾಗಲೇ ಇರಲ್ಲ ನೋಡು.”

“ಪೈಲಟ್, ಅದನ್ನ ಹೇಳೋವ್ರು ಮನೇಲಿ ಕನ್ನಡಿ ಇಟ್ಕೊಂಡಿಲ್ಲ ಅನ್ಸುತ್ತೆ.”

ಪೈಲಟ್ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಜಗಳ ಏರಿತೆಂದರೆ, ಯಾರೂ ಕರೆಯದಿದ್ದರೂ ಪ್ರತಿ ಮಹಡಿಯಲ್ಲೂ ಲಿಫ್ಟು ನಿಲ್ಲಿಸಿ ಕಬ್ಬಿಣದ ಜಾಲರಿ ಬಾಗಿಲನ್ನು ಸದ್ದು ಮಾಡುತ್ತ ತೆರೆಯುತ್ತಿದ್ದ. ಹೊರಗೆ ಯಾರಾದರೂ ನಿಂತು ಒಳಗೆ ಇಣುಕುತ್ತಿದ್ದರು. ಮರ್ಯಾದಸ್ಥರ ಜಗಳಕ್ಕೆ ಗಾಳಿಬೆಳಕು ಆಗುವುದಿಲ್ಲ. ಎರಡು ಮಹಡಿ ದಾಟುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. “ನಾನು ಯಾವ ಮಹಡಿಯ ಕಡೆಯವನೂ ಅಲ್ಲ ತಿದ್ದುಪಡಿ,” ಎನ್ನುತ್ತಿದ್ದ. “ಒಂದು ಕಡೆ ಸೇರ್ಕೊಂಡ್ರೆ ಲಿಫ್ಟು ಅಲ್ಲೇ ನಿಂತುಬಿಡುತ್ತೆ.”

ಅವನ ಕಾಯಿಲೆ ಪತ್ತೆಯಾದದ್ದು ಕರೆಂಟ್ ಹೋದದ್ದರಿಂದ. ಎರಡನೇ ಮಹಡಿಯಲ್ಲಿ ಜ್ವರ ನೆಗಡಿ ನೋಡುವ ಡಾಕ್ಟರೊಬ್ಬರಿದ್ದರು. ಸುಮ್ಮನೆ ಕೂರಲಾರದ ಮನುಷ್ಯ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಹೊತ್ತು ಕಳೆಯಲೆಂದು ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ಪೈಲಟ್‌ನ ಎದೆಗೆ ಇಟ್ಟರು.

“ಏನೋ ಸದ್ದು ಬರ್ತಿದೆಯಲ್ಲಯ್ಯಾ.”

“ಲಿಫ್ಟಿಂದು ಇರ್ಬೇಕು ಡಾಕ್ಟ್ರೇ. ಹಳೇದಲ್ವಾ.”

“ಲಿಫ್ಟು ನಿಂತಿದೆಯಲ್ಲಪ್ಪ.”

ಹೀಗೆ ಪೈಲಟ್ ದೊಡ್ಡ ಆಸ್ಪತ್ರೆಗೆ ಹೋದ. ಓದಿದವನೊಬ್ಬ ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಹೃದಯದಿಂದ ರಕ್ತ ಹೊರಗೆ ಹೋಗುವ ದಾರಿಯ ಕವಾಟ ಗಟ್ಟಿಯಾಗಿ, ಪೂರ್ತಿ ತೆರೆಯುತ್ತಿರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಅವನಿಗೆ ನನ್ನ ಓದಿನ ಅಗತ್ಯ ಬೀಳಲಿಲ್ಲ. “ಬಾಗಿಲು ಅರ್ಧ ತೆಗೆದ್ರೆ ಜನ ಅಡ್ಡಡ್ಡ ನುಗ್ಗಬೇಕಾಗುತ್ತೆ, ಅಷ್ಟೇ ತಾನೆ?” ಎಂದ. ಅಷ್ಟೇ ಎಂದರು.

ಕವಾಟ ಬದಲಾಯಿಸಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವಾಗ ಎಂಬಲ್ಲಿ ಎತ್ತು ಏರಿಗೆ, ಕೋಣ ನೀರಿಗೆ.

ಆಪರೇಷನ್ ಮಾಡುವ ಸರ್ಜನ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತೂ ಚಿಕ್ಕದು. “ಈಗಲೇ ಮಾಡಿಬಿಡೋಣ. ಹೃದಯ ಗಟ್ಟಿಮುಟ್ಟಾಗಿರೋವಾಗ ಮಾಡಿದ್ರೆ ನನಗೂ ಸುಲಭ, ನಿಮಗೂ ಸುಲಭ.” ಔಷಧ ಕೊಡುವ ಹಿರಿಯ ಹೃದ್ರೋಗ ವೈದ್ಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ?” ಎಂದು ಕೇಳಿದರು.

“ಇಲ್ಲ ಸಾರ್.”

“ಮೆಟ್ಟಿಲ ಮೇಲೆ ತಲೆಸುತ್ತು? ಎದೆ ಹಿಡಿದ ಹಾಗೆ?”

“ಯಾವತ್ತೂ ಇಲ್ಲ ಸಾರ್.”

“ಮತ್ತೆ? ತೊಂದರೇನೇ ಇಲ್ಲದ ಮನುಷ್ಯನ ಎದೆ ಸೀಳೋದು ಯಾಕೆ? ಎದೆ ತೆರೆಯೋದು ಅಂದ್ರೆ ಅದಕ್ಕೂ ಅದರದೇ ಅಪಾಯ ಇದೆ. ಕಾಯೋಣ. ಮೆಟ್ಟಿಲು ಹತ್ತುವಾಗ ಸುಸ್ತು ಅನ್ಸಿದ ದಿನ ಓಡಿ ಬನ್ನಿ.”

ಇಬ್ಬರೂ ಒಂದೇ ಆಸ್ಪತ್ರೆಯವರು, ಒಬ್ಬರನ್ನೊಬ್ಬರು ಗೌರವಿಸುವವರು. ಇಬ್ಬರ ಮಾತಿಗೂ ಪುಸ್ತಕದ ಆಧಾರವಿತ್ತು. ನಾನು ಆ ಪುಸ್ತಕಗಳನ್ನೂ ತಿರುವಿ ನೋಡಿದೆ. ಅವು ತಮ್ಮೊಳಗೇ ಜಗಳವಾಡುತ್ತಿದ್ದವು.

ಆ ಜಗಳ ಮನೆಗೆ ಬಂತು. ಪೈಲಟ್‌ನದು ಎರಡು ಕೋಣೆಯ ಮನೆ, ಬಾಗಿಲು ತೆಗೆದರೆ ನೇರ ರಸ್ತೆ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಅವರ ಕೆಲಸ. ಬಿಡುವಿಲ್ಲದ ದಿನ ಬಟ್ಟೆಯ ಗಂಟು ಮನೆಗೂ ಬರುತ್ತಿತ್ತು. ಅವರು ಸರ್ಜನ್ ಮೇಡಂ ಪಕ್ಷ.

“ಕಲೆ ಹಸಿಯಾಗಿರೋವಾಗ್ಲೇ ತೊಳೀಬೇಕು. ಒಣಗಿ ಕೂತ್ಮೇಲೆ ಬಟ್ಟೆ ಹರಿಯುತ್ತೆ, ಕಲೆ ಹೋಗಲ್ಲ. ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡ್ತೀರಾ?”

ಮಗಳು ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಹಿರಿಯ ಡಾಕ್ಟರ ಪಕ್ಷ. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮಾ? ಆಪರೇಷನ್ ಆಗಿ ಎದ್ದೇಳದೇ ಇದ್ದೋರ ಮನೆಯೋರು ಉಳಿದ ಮಾತ್ರೆ ವಾಪಸ್ ತಗೋತೀರಾ ಅಂತ ನಮ್ಮ ಅಂಗಡಿಗೇ ಬರ್ತಾರೆ. ನಿಂಗೇನ್ ಗೊತ್ತು?”

“ಎದ್ದು ಬಂದೋರು ನಿಮ್ಮ ಅಂಗಡಿಗೆ ಯಾಕೆ ಬರ್ತಾರೆ? ಅವ್ರು ಅವ್ರ ಕೆಲಸಕ್ಕೆ ಹೋಗಿರ್ತಾರೆ.”

“ಅಪ್ಪಾ, ನೀನೇ ಹೇಳು.”

“ರೀ, ನೀವೇ ಹೇಳ್ರಿ.”

ಪೈಲಟ್ ಎದ್ದು ಹೋಗಿ ಬೀದಿಬಾಗಿಲನ್ನು ಅಗಲವಾಗಿ ತೆರೆದ. ಎದುರು ಮನೆಯವರು ಇಣುಕಿದರು. ಲಿಫ್ಟಿನಲ್ಲಿ ನಡೆಯುತ್ತಿದ್ದ ಉಪಾಯ ಮನೆಯಲ್ಲಿ ನಡೆಯಲಿಲ್ಲ. ಅತ್ತಿಗೆ ಎದುರು ಮನೆಯಾಕೆಯನ್ನು ಒಳಗೆ ಕರೆದು, ಕೂರಿಸಿ, “ನೀವೇ ನ್ಯಾಯ ಹೇಳಿ” ಎಂದರು. ಆಕೆ ಆಪರೇಷನ್ನೇ ಬೇಡ, ಬೆಳಗ್ಗೆ ನಡೆದರೆ ಸಾಕು ಎಂದು ಮೂರನೆಯ ಪಕ್ಷ ಕಟ್ಟಿದರು.

ಪೈಲಟ್ ಎರಡೂ ಕಡೆ ಸೇರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ. ಆದರೆ ಅವನ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತಿತ್ತು. ನೆಲಮಹಡಿಗೂ ಐದನೇ ಮಹಡಿಗೂ ನಡುವೆ ಹಲವು ಕಂತುಗಳಲ್ಲಿ ಹೇಳಿದ್ದ. ಗುಂಡಿಯ ಲಿಫ್ಟು ಹಾಕಿಸಬೇಕೆಂದು ಕಟ್ಟಡದ ಮಾಲೀಕರಿಗೆ ಬಹಳ ದಿನಗಳಿಂದ ಆಸೆ. ಪೈಲಟ್ ದಿನಾ ಎದುರಿಗೇ ಕೂತಿರುವುದರಿಂದ ಅವರಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಆಪರೇಷನ್ ಅಂದರೆ ತಿಂಗಳುಗಟ್ಟಲೆ ರಜೆ.

“ನಾನು ಎದ್ದು ಬರೋಷ್ಟರಲ್ಲಿ ಸ್ಟೂಲ್ ಇರಲ್ಲ ತಿದ್ದುಪಡಿ.”

“ಸ್ಟೂಲ್ ಮುಖ್ಯಾನಾ, ಜೀವ ಮುಖ್ಯಾನಾ?”

“ಜೀವಾನೇ. ಅದು ಕೂತ್ಕೊಳ್ಳೋಕೆ ಜಾಗ ಬೇಡ್ವಾ?”

ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಆದರೆ ಅತ್ತಿಗೆಗೆ ಗೊತ್ತಿತ್ತು. ಗಂಡನ ಅಂಗಿಗಳನ್ನು ಅಷ್ಟು ವರ್ಷ ಇಸ್ತ್ರಿ ಮಾಡಿದವರಿಗೆ ಜೇಬಿನಲ್ಲಿ ಏನಿರುತ್ತದೆಂದು ಕೇಳಿ ತಿಳಿಯಬೇಕಾಗಿರಲಿಲ್ಲ.

ಕೊನೆಗೆ ಮಗಳು ಒಂದು ಕರಾರು ತಂದಳು. ಹಿರಿಯ ಡಾಕ್ಟರು ಹೇಳಿದ್ದೇ ನಿಯಮ. ಅಪ್ಪನಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ ದಿನವೇ ಆಪರೇಷನ್, ಆಗ ಅವಳು ತುಟಿ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಅಮ್ಮ ತುಟಿ ಬಿಚ್ಚಬಾರದು. ಅತ್ತಿಗೆ ಒಪ್ಪಿದರು. ಸಾಕ್ಷಿಗೆ ನನ್ನನ್ನು ಕೂರಿಸಿಕೊಂಡರು, ಚಹಾ ಕೊಟ್ಟರು.

ಮನೆ ತಣ್ಣಗಾಯಿತು. ದಿನಾ ಸಂಜೆ ಪೈಲಟ್ ಚಪ್ಪಲಿ ಬಿಡುತ್ತಿದ್ದ ಹಾಗೆ ಅತ್ತಿಗೆ ಒಳಗಿನಿಂದಲೇ ಕೇಳುತ್ತಿದ್ದರು: “ಮೆಟ್ಲು?” ಅವನು ಹೇಳುತ್ತಿದ್ದ: “ಏನೂ ತೊಂದ್ರೆ ಇಲ್ಲ.” ಮಗಳು ಅಮ್ಮನ ಮುಖ ನೋಡುತ್ತಿದ್ದಳು. ಅತ್ತಿಗೆ ತುಟಿ ಹೊಲಿದುಕೊಂಡು ಇಸ್ತ್ರಿಯನ್ನು ಸ್ವಲ್ಪ ಜೋರಾಗಿ ಒತ್ತುತ್ತಿದ್ದರು. ಆರು ತಿಂಗಳು ಹೀಗೇ ನಡೆಯಿತು. ಆ ದಿನಗಳಲ್ಲಿ ಅವನ ನಡಿಗೆ ನಿಧಾನವಾಗಿತ್ತು, ಆದರೆ ಪೈಲಟ್ ಎಂದೂ ಅವಸರದಲ್ಲಿ ನಡೆದವನಲ್ಲ.

ಮತ್ತೆ ತೋರಿಸುವ ದಿನ ಬಂತು. ನಾಲ್ವರೂ ಹೋದೆವು. ಹಿರಿಯ ಡಾಕ್ಟರ ಕೋಣೆ ಎರಡನೇ ಮಹಡಿಯಲ್ಲಿ. ಆಸ್ಪತ್ರೆಯ ಲಿಫ್ಟಿನ ಎದುರು ಅಡ್ಡಪಟ್ಟಿ ಕಟ್ಟಿ ಮೆಕ್ಯಾನಿಕ್ಕೊಬ್ಬ ಒಳಗೆ ಕೂತಿದ್ದ. ಪೈಲಟ್ ಅವನ ಪಕ್ಕ ಬಗ್ಗಿ ನೋಡಿ, ವಿಚಾರಿಸಿ, ನಮ್ಮ ಕಡೆ ತಿರುಗಿ ಹೇಳಿದ:

“ಅರ್ಧ ಗಂಟೇಲಿ ಸರಿ ಹೋಗುತ್ತಂತೆ. ಕಾಯೋಣ.”

“ಅಷ್ಟರಲ್ಲಿ ನಮ್ಮ ಸರದಿ ಹೋಗುತ್ತೆ. ಎರಡು ಮಹಡಿ ತಾನೆ, ನಡೀರಿ,” ಎಂದರು ಅತ್ತಿಗೆ.

“ನೀವು ಹೋಗಿರಿ. ನಾನು ಇದು ಸರಿಯಾದ್ಮೇಲೆ ಬರ್ತೀನಿ.”

ಅತ್ತಿಗೆ ಒಂದೆರಡು ಮೆಟ್ಟಿಲು ಹತ್ತಿದ್ದವರು ನಿಂತರು. ತಿರುಗಿ ಗಂಡನನ್ನು ನೋಡಿದರು. ಅವನು ಮೆಟ್ಟಿಲುಗಳನ್ನು ನೋಡುತ್ತಿದ್ದ. ಯಾರೋ ದೂರದ ನೆಂಟರು, ಮುಖ ನೆನಪಿದೆ, ಹೆಸರು ನೆನಪಿಲ್ಲ ಎನ್ನುವ ಹಾಗೆ.

“ಬನ್ನಿ,” ಎಂದರು ಅತ್ತಿಗೆ, ಸಣ್ಣ ದನಿಯಲ್ಲಿ.

ಅವನು ಬಂದ. ಮೆಟ್ಟಿಲು ತಿರುಗುವ ಕಡೆ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರಪಟವಿತ್ತು. ಅಲ್ಲಿ ನಿಂತು, ಕಂಬಿ ಹಿಡಿದು, ಅದನ್ನು ಓದತೊಡಗಿದ. ಬಹಳ ಗಮನವಿಟ್ಟು ಓದಿದ. ಬೆರಳುಗಳ ಸಂದಿ ಉಜ್ಜುವವರೆಗೆ ಬಂದಿದ್ದನೆಂದು ಕಾಣುತ್ತದೆ, ಹಾಗೇ ಮೆಟ್ಟಿಲ ಮೇಲೆ ಕೂತ. ತುಟಿ ನೀಲಿಯಾಗಿತ್ತು. ಎದೆ ಅಂಗಿಯೊಳಗೆ ಮೇಲೆ ಕೆಳಗೆ ಹೋಗುತ್ತಿತ್ತು. ಮಗಳು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋಗಿ ಬಾಟಲಿಯನ್ನೇ ಬೀಳಿಸಿದಳು.

ಅತ್ತಿಗೆ ಅವನ ಪಕ್ಕದಲ್ಲಿ ಕೂತರು. ಉಸಿರು ಒಂದು ಹದಕ್ಕೆ ಬರುವವರೆಗೆ ಬೆನ್ನು ನೀವಿ, ಆಮೇಲೆ ಕೇಳಿದರು:

“ನೀವು ಇದಕ್ಕೆ ಮುಂಚೆ ಮೆಟ್ಲು ಹತ್ತಿದ್ದು ಯಾವಾಗ?”

ಪೈಲಟ್ ಸುಳ್ಳು ಹೇಳುವವನಲ್ಲ. ನಿಜವಾಗಿಯೂ ಯೋಚಿಸಿದ. ಮನೆಗೆ ಮೆಟ್ಟಿಲಿಲ್ಲ. ಕಟ್ಟಡದ ಹೊಸ್ತಿಲು ದಾಟಿದರೆ ಅವನ ಲಿಫ್ಟು. ಬಸ್ಸು ಹತ್ತುವ ಅಗತ್ಯವಿಲ್ಲ, ಕೆಲಸಕ್ಕೆ ನಡೆದೇ ಹೋಗುತ್ತಿದ್ದ.

“ನಿನ್ನ ಅಣ್ಣನ ಹಳೇ ಮನೇಲಿ,” ಎಂದ.

“ಅದು ಇವಳು ಹುಟ್ಟೋಕೆ ಮುಂಚೆ.”

“ಹೌದು.”

“ಮತ್ತೆ ದಿನಾ ಸಂಜೆ ಏನೂ ತೊಂದ್ರೆ ಇಲ್ಲ ಅಂತಿದ್ರಲ್ರೀ!”

“ಇರಲಿಲ್ವಲ್ಲ. ಹತ್ತೋವಾಗ ಉಸಿರು ಕಟ್ಟುತ್ತಾ ಅಂತ ಕೇಳಿದ್ರು. ಕಟ್ಟಲಿಲ್ಲ. ಹತ್ತುತ್ತೀಯಾ ಅಂತ ಯಾರೂ ಕೇಳ್ಲಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಅದು ಹೊಳೆಯಿತು. ಅವನ ಮುಖದಲ್ಲಿ ಆಗ ಕಂಡದ್ದು ಭಯವಲ್ಲ, ಮುಜುಗರ. ಲಿಫ್ಟನ್ನು ಗೇಣು ಕೆಳಗೆ ನಿಲ್ಲಿಸಿದವನ ಮುಜುಗರ. ಮರೆಮಾಚಲಿಕ್ಕೆ ಅವನು ಹೀಗೆ ಮಾಡಿರಲಿಲ್ಲ. ಮೆಟ್ಟಿಲು ಎಂಬುದು ಬೇರೆಯವರ ಸಮಸ್ಯೆ ಎಂದೇ ಅವನ ವೃತ್ತಿ ಅವನಿಗೆ ಕಲಿಸಿತ್ತು. ಕಾಯೋಣ ಎಂದವರೂ ಈಗಲೇ ಎಂದವರೂ ಆರು ತಿಂಗಳು ಒಂದೇ ಮೆಟ್ಟಿಲನ್ನು ನಂಬಿ ಕೂತಿದ್ದರು, ಆ ಮೆಟ್ಟಿಲ ಮೇಲೆ ಅವನ ಕಾಲೇ ಬಿದ್ದಿರಲಿಲ್ಲ.

ಅವನನ್ನು ಗಾಲಿಕುರ್ಚಿಯಲ್ಲಿ ಇಬ್ಬರು ಎತ್ತಿಕೊಂಡು ಹೋದರು. ಹಿರಿಯ ಡಾಕ್ಟರು ಎದೆಗೆ ಕಿವಿಗೊಟ್ಟು, ಕನ್ನಡಕ ತೆಗೆದು, ಈ ಸಲ ಒರೆಸದೆ ಕೈಯಲ್ಲೇ ಹಿಡಿದುಕೊಂಡರು. ನಡೆದದ್ದನ್ನು ಮಗಳು ಹೇಳಿದಳು.

“ನೀವು ಕೆಲಸ ಏನು ಮಾಡ್ತೀರಿ?” ಎಂದು ಡಾಕ್ಟರು ಮೊದಲ ಸಲ ಕೇಳಿದರು.

“ಲಿಫ್ಟ್ ನಡೆಸ್ತೀನಿ ಸಾರ್.”

ಡಾಕ್ಟರು ಸರ್ಜನ್ ಮೇಡಂಗೆ ಫೋನ್ ಮಾಡಿದರು.

ಆಗಲೂ ‘ಯಾವಾಗ’ ಮುಗಿಯಲಿಲ್ಲ. ಮಗಳು ಇವತ್ತೇ ಎಂದಳು. ಅತ್ತಿಗೆ ಈಗಲೇ ಎಂದರು. ತಾಯಿಮಗಳು ಒಂದು ಪಕ್ಷವಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸರ್ಜನ್ ಮೇಡಂ ಮಾತ್ರ, ಶ್ವಾಸಕೋಶದಲ್ಲಿ ನೀರು ಸೇರಿದೆ, ಔಷಧದಿಂದ ಅದನ್ನು ಇಳಿಸಿಕೊಂಡು ಮುಂದಿನ ವಾರ ಮಾಡುತ್ತೇನೆ ಎಂದರು. ಈ ಸಲ ಕಾಯೋಣ ಎಂದವರು ಅವರು.

ಪೈಲಟ್ ಹಾಸಿಗೆಯ ಮೇಲಿಂದ ವಾಚ್‌ಮನ್‌ನನ್ನು ಕರೆಸಿಕೊಂಡು, ಚಮಚವೊಂದನ್ನು ಕೈಯಲ್ಲಿ ಹಿಡಿಸಿ, ಹಿಡಿಕೆಯನ್ನು ಯಾವಾಗ ಬಿಡಬೇಕೆಂದು ಹೇಳಿಕೊಟ್ಟ. “ಮಹಡಿ ಕಾಣಿಸಿದ್ಮೇಲೆ ಬಿಟ್ರೆ ತಡ ಆಯ್ತು ಅಂತಾನೇ ಲೆಕ್ಕ. ಕಾಣಿಸೋಕೆ ಮುಂಚೆ ಬಿಡು.” ಅತ್ತಿಗೆ ಅದನ್ನು ಕೇಳಿಸಿಕೊಂಡು, “ಈ ಬುದ್ಧಿ ಲಿಫ್ಟಿಗೆ ಮಾತ್ರ,” ಎಂದರು. ಅವನು ನಕ್ಕ, ಕೆಮ್ಮು ಬಂತು, ನಿಲ್ಲಿಸಿದ.

ಆಪರೇಷನ್ ದಿನ ಅವನನ್ನು ತಳ್ಳುಮಂಚದಲ್ಲಿ ಲಿಫ್ಟಿನೊಳಗೆ ತಂದರು. ನಾನು ಪಕ್ಕದಲ್ಲಿದ್ದೆ. ಅವನು ಮಲಗಿದಲ್ಲಿಂದ ಲಿಫ್ಟಿನ ಸೂರನ್ನು ನೋಡುತ್ತಿದ್ದ.

“ಇಷ್ಟು ವರ್ಷದಲ್ಲಿ ಸೂರು ನೋಡೇ ಇರಲಿಲ್ಲ ತಿದ್ದುಪಡಿ. ಫ್ಯಾನಿನ ಧೂಳು ನೋಡು.”

“ಹೆದರಿಕೆ ಆಗ್ತಿದೆಯಾ?”

“ಆಗ್ತಿದೆ. ಇದು ನಿಲ್ಲೋವಾಗ ಜಗ್ಗುತ್ತೆ.”

ಅದು ಜಗ್ಗಿ ನಿಂತಿತು. ಬಾಗಿಲು ತೆರೆಯಿತು. ಅವನನ್ನು ಒಳಗೆ ಕರೆದುಕೊಂಡು ಹೋದರು.

ಹೊಸ ಕವಾಟ ಚೆನ್ನಾಗಿ ಕೂತಿತು. ಹೃದಯ ಮಾತ್ರ ಬಹಳ ದಿನ ಅರ್ಧ ಬಾಗಿಲಿನಲ್ಲಿ ನೂಕಿ ನೂಕಿ ದಣಿದಿತ್ತು. ಕೆಲವು ದಿನ ಯಂತ್ರಗಳ ನಡುವೆ ಇದ್ದ. ಒಮ್ಮೆ ಕಣ್ಣು ಬಿಟ್ಟು ಮಗಳ ಕೈ ಹಿಡಿದನಂತೆ. ಆಮೇಲೆ ಒಂದು ಬೆಳಗ್ಗೆ ಹೋಗಿಬಿಟ್ಟ.

ನನ್ನ ಮೇಜಿನ ಮೇಲೆ ಅಂದು ಒಂದು ಕಾದಂಬರಿಯ ಕರಡಿತ್ತು. ಸಂಜೆಯವರೆಗೆ ತಿದ್ದಿದೆ. ಮರುದಿನ ನೋಡಿದರೆ ಒಂದು ತಪ್ಪನ್ನೂ ಹಿಡಿದಿರಲಿಲ್ಲ.

ಕಟ್ಟಡದಲ್ಲಿ ಎರಡು ಪಕ್ಷವಾಯಿತು. ಮೊದಲೇ ಮಾಡಿಸಬೇಕಿತ್ತು ಎನ್ನುವವರು, ಮಾಡಿಸಲೇಬಾರದಿತ್ತು ಎನ್ನುವವರು. ಅಟ್ಟ ಮೇಲೆ ಉರಿಯುವ ಒಲೆಗೆ ಸೌದೆ ಒಟ್ಟುವವರು ಎಲ್ಲ ಮಹಡಿಗಳಲ್ಲೂ ಇರುತ್ತಾರೆ. ಲೆಕ್ಕಪರಿಶೋಧಕ ಅಣ್ಣತಮ್ಮಂದಿರು ಮಾತ್ರ ಈ ವಿಷಯದಲ್ಲಿ ಒಂದೇ ಅಭಿಪ್ರಾಯದವರಾಗಿದ್ದರು. ಅದು ತಿಳಿದ ಕೂಡಲೇ ಅಣ್ಣ ತನ್ನ ಅಭಿಪ್ರಾಯ ಬದಲಾಯಿಸಿಕೊಂಡರು.

ನಾನು ಆಸ್ಪತ್ರೆಗೆ ಹೋಗಿ ಸರ್ಜನ್ ಮೇಡಂರನ್ನು ಕೇಳಿದೆ: ಆರು ತಿಂಗಳ ಹಿಂದೆ ಮಾಡಿದ್ದರೆ? ಅವರು ಹೇಳಿದರು: “ಉಳೀತಿದ್ರು ಅಂತ ನನಗೆ ಅನ್ಸುತ್ತೆ. ಆದ್ರೆ ಚೆನ್ನಾಗಿದ್ದ ಹೃದಯಗಳೂ ನನ್ನ ಕೈಯಲ್ಲಿ ನಿಂತಿವೆ.” ಹಿರಿಯ ಡಾಕ್ಟರನ್ನೂ ಕೇಳಿದೆ. ಅವರು ಹೆಚ್ಚುಕಡಿಮೆ ಅದನ್ನೇ, ಇನ್ನಷ್ಟು ನಿಧಾನವಾಗಿ ಹೇಳಿದರು. ಈಗ ಅವರು ಪ್ರತಿ ರೋಗಿಯನ್ನೂ ಮೊದಲು ಕೇಳುವುದು, ಮೆಟ್ಟಿಲು ಎಲ್ಲಿ ಹತ್ತುತ್ತೀರಿ ಎಂದು.

ಮಗಳು ಔಷಧದಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಅತ್ತಿಗೆ ಯಾರದೋ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದರು. ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿಯೂ ನೋಡದ ಹಾಗೆ ಹೇಳಿದಳು:

“ಅಮ್ಮಾ, ಒಂದ್ಸಲ ಬೈದುಬಿಡು.”

“ಯಾಕೆ?”

“ಕಾಯೋಣ ಅಂದಿದ್ದು ನಾನು. ಕರಾರು ಮಾಡಿದ್ದೂ ನಾನು.”

“ಹೌದು. ನೀನೇ,” ಎಂದರು ಅತ್ತಿಗೆ. ಕಾಲರನ್ನು ಮಡಿಸಿ ಒತ್ತಿದರು.

ನನಗೆ ಎದ್ದು ಹೋಗಬೇಕೆನ್ನಿಸಿತು. “ಅತ್ತಿಗೆ...” ಎಂದೆ.

“ನೀವು ಸುಮ್ನಿರಿ ತಿದ್ದುಪಡಿಯವ್ರೇ.” ಮಗಳ ಕಡೆ ತಿರುಗಿದರು. “ನಾನು ಹೇಳಿದ ದಿನಾನೇ ಮಾಡ್ಸಿ, ನಿಮ್ಮಪ್ಪ ಅವತ್ತೇ ಹೋಗಿದ್ರೆ, ನೀನು ನನ್ನನ್ನ ಬೈತಿದ್ಯಾ?”

ಅವಳು ಅಪ್ಪನ ಮಗಳು. ಯೋಚಿಸಿಯೇ ಉತ್ತರ ಹೇಳಿದಳು.

“ಬೈತಿದ್ದೆ.”

“ಎಷ್ಟು ದಿನ?”

“ಗೊತ್ತಿಲ್ಲ. ಒಂದು ವರ್ಷ ಆದ್ರೂ.”

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. ಅಂಗಿಯನ್ನು ಮಡಿಸಿದರು, ತೋಳು ಒಳಗೆ ಹಾಕಿ, ಬೆನ್ನು ಮೇಲೆ ಮಾಡಿ. ಅದರ ಮೇಲೆ ಅಂಗೈ ಇಟ್ಟರು. ಕಣ್ಣಲ್ಲಿ ನೀರಿತ್ತು, ಅಂಗಿಯ ಮೇಲೆ ಬೀಳದ ಹಾಗೆ ಮುಖ ಆಚೆ ಮಾಡಿದ್ದರು.

“ಹಾಗಾದ್ರೆ ನಾನೂ ಒಂದು ವರ್ಷ ಬೈತೀನಿ. ದಿನಾ ಸ್ವಲ್ಪ ಸ್ವಲ್ಪ. ಎಲ್ಲಾ ಒಟ್ಟಿಗೆ ಬೈಯೋಕೆ ನನ್ನ ಕೈಲಾಗಲ್ಲ. ಈಗ ಎದ್ದು ಊಟ ಮಾಡು. ಖಾಲಿ ಹೊಟ್ಟೇಲಿ ಕೂತೋರನ್ನ ನಾನು ಬೈಯಲ್ಲ.”

ಅವಳು ಎದ್ದಳು. ಊಟ ಮಾಡಿದಳು. ಮರುವಾರ ಅಂಗಡಿಗೂ ಹೋದಳು.

ನಾನು ಆಗಾಗ ಹೋಗುತ್ತಿರುತ್ತೇನೆ. ಅತ್ತಿಗೆ ಮಾತು ತಪ್ಪಿಲ್ಲ, ದಿನಾ ಬೈಯುತ್ತಾರೆ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಿದ್ದಕ್ಕೆ, ದೀಪ ಆರಿಸದೆ ಹೋದದ್ದಕ್ಕೆ, ಗುಂಡಿ ಕಿತ್ತ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಟದ್ದಕ್ಕೆ. ಆ ವಿಷಯಕ್ಕೆ ಮಾತ್ರ ಇನ್ನೂ ಬಂದಿಲ್ಲ. ಮೊನ್ನೆ ನಾನು ಹೋದಾಗ ಚಹಾ ಪಾತ್ರೆ ತೊಳೆಯದೆ ಇಟ್ಟದ್ದರ ವಿಚಾರಣೆ ನಡೆಯುತ್ತಿತ್ತು. ಮಗಳು ಬಾಗಿಲಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

“ಇವತ್ತಿಂದು ಮುಗೀತಾ ಅಮ್ಮಾ? ಅಂಗಡಿಗೆ ಹೊತ್ತಾಯ್ತು.”

“ಇನ್ನೂ ಇದೆ,” ಎಂದರು ಅತ್ತಿಗೆ. “ಬೇಗ ಬಾ.”